ಒಂದೇ ಮೂಲ, ಹಲವು ಚೌಕಟ್ಟು: ಮೈಟೋಸಿಸ್ ತಂತ್ರಾಂಶದ ಪರಿಚಯ

2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಪರಿಷ್ಕೃತಗೊಂಡು, ಶೇ. 12 ಮತ್ತು ಶೇ. 28ರ ಹಂತದಲ್ಲಿದ್ದ ಬಹುತೇಕ ಸರಕುಗಳು ಶೇ. 5 ಅಥವಾ ಶೇ. 18ರ ಹಂತಕ್ಕೆ ಬಂದವು. ತಯಾರಕರೊಬ್ಬರ ದರ ಲೆಕ್ಕ ಹಾಕುವ ನಮೂನೆಯು ಸ್ವಂತ ಜಾಲತಾಣದಲ್ಲಿ ರಿಯಾಕ್ಟ್‌ನಿಂದಲೂ, ವಿತರಕರ ತಾಣದಲ್ಲಿ ವ್ಯೂನಿಂದಲೂ, ಮಾರಾಟ ವಿಭಾಗದ ಪುಟದಲ್ಲಿ ಆಂಗ್ಯುಲರ್‌ನಿಂದಲೂ ರಚಿತವಾಗಿದೆಯೆಂದು ಭಾವಿಸೋಣ. ಆಗ ಒಂದೇ ತಿದ್ದುಪಡಿಗೆ ಮೂರು ಬಾರಿ ಹಣ ತೆರಬೇಕಾಗುತ್ತದೆ. ಒಂದನ್ನು ಮರೆತರೂ ಗ್ರಾಹಕರಿಗೆ ತಪ್ಪು ದರ ತಲುಪುತ್ತದೆ.

ಇವು ಮೂರೂ ವೆಬ್ ಪುಟಗಳನ್ನು ಕಟ್ಟುವ ಚೌಕಟ್ಟುಗಳು, ಅರ್ಥಾತ್ ಫ್ರೇಮ್‌ವರ್ಕ್‌ಗಳು. ಒಂದಕ್ಕೆ ಬರೆದ ಬಿಡಿಭಾಗವು ಮತ್ತೊಂದಕ್ಕೆ ನೇರವಾಗಿ ಹೊಂದುವುದಿಲ್ಲ. ಬಿಲ್ಡರ್ ಡಾಟ್ ಐಓ ಸಂಸ್ಥೆಯು ಹೊರತಂದಿರುವ ಮೈಟೋಸಿಸ್ ಎಂಬ ಮುಕ್ತ ತಂತ್ರಾಂಶವು ಈ ತೊಡಕನ್ನು ನಿವಾರಿಸಲು ಯತ್ನಿಸುತ್ತದೆ. ಇದಕ್ಕೆ ಪರವಾನಗಿ ಶುಲ್ಕವಿಲ್ಲ.

ಗಣಕಯಂತ್ರದಲ್ಲಿ ನೋಡ್ ಜೆಎಸ್ ಇರಬೇಕು. ಪ್ರೋಗ್ರಾಮರ್ ಬಿಡಿಭಾಗವನ್ನು ಜೆಎಸ್‌ಎಕ್ಸ್ ಶೈಲಿಯಲ್ಲಿ ಒಮ್ಮೆ ಬರೆಯುತ್ತಾರೆ. ಬಳಿಕ ಕಮಾಂಡ್ ಲೈನ್‌ನಲ್ಲಿ 'ಮೈಟೋಸಿಸ್ ಕಂಪೈಲ್' ಎಂಬ ಆದೇಶದೊಡನೆ ಬೇಕಾದ ಚೌಕಟ್ಟಿನ ಹಾಗೂ ಕಡತದ ಹೆಸರು ನೀಡಿದರೆ ಆಯಿತು. ತಂತ್ರಾಂಶವು ಮೂಲವನ್ನು ಓದಿ, ಜೇಸನ್ ರೂಪದ ಮಧ್ಯಂತರ ವಿವರಣೆಯೊಂದನ್ನು ಸಿದ್ಧಪಡಿಸಿ, ಅದರಿಂದ ಆಯಾ ಚೌಕಟ್ಟಿನ ಕೋಡ್ ರಚಿಸುತ್ತದೆ. ಕಡತಗಳು ಹಲವಿದ್ದಲ್ಲಿ ಬೇಕಾದ ಚೌಕಟ್ಟುಗಳನ್ನು ಸಂರಚನಾ ಕಡತದಲ್ಲಿ ಒಮ್ಮೆ ನಮೂದಿಸಿ 'ಮೈಟೋಸಿಸ್ ಬಿಲ್ಡ್' ಆದೇಶ ನೀಡುವುದು ಅನುಕೂಲ. ದೊರೆಯುವುದು ಆಯಾ ಚೌಕಟ್ಟಿನ ಸಾಮಾನ್ಯ ಕೋಡ್ ಆದ್ದರಿಂದ, ನಾಳೆ ಮೈಟೋಸಿಸ್ ಬಳಕೆ ನಿಲ್ಲಿಸಿದರೂ ಸಿದ್ಧವಾದ ಪುಟಗಳು ನಿಲ್ಲುವುದಿಲ್ಲ.

ಮಿತಿಗಳೂ ಉಂಟು. ಮೂಲವನ್ನು ಕಟ್ಟುನಿಟ್ಟಾದ ನಿಯಮದಲ್ಲೇ ಬರೆಯಬೇಕು: ಬದಲಾಗುವ ಮೌಲ್ಯಗಳಿಗೆ 'ಯೂಸ್ ಸ್ಟೋರ್', ಷರತ್ತಿಗೆ 'ಶೋ', ಪಟ್ಟಿಗೆ 'ಫಾರ್'. ಈಗಾಗಲೇ ಇರುವ ರಿಯಾಕ್ಟ್ ಕೋಡನ್ನು ಹಾಗೆಯೇ ತಂದು ಹಾಕಲಾಗದು. ಪ್ರತಿಯೊಂದು ಚೌಕಟ್ಟಿನ ಫಲಿತವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಖರ್ಚು ತಪ್ಪುವುದಿಲ್ಲ. ಒಂದೇ ಜಾಲತಾಣವುಳ್ಳ ಸದಸ್ಯರಿಗೆ ಇದರ ಅಗತ್ಯವಿಲ್ಲವೆಂದೇ ನಮ್ಮ ಅಭಿಪ್ರಾಯ. ಮಾರಾಟಗಾರರು ಎಷ್ಟೇ ಹೊಗಳಿದರೂ ಸರಿಯೆ.

ಚೌಕಟ್ಟುಗಳಿಗೂ ಆಯುಸ್ಸುಂಟು. ವ್ಯೂ 2ನೇ ಆವೃತ್ತಿಯ ಬೆಂಬಲವು 2023ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅಂತಹ ಸಂದರ್ಭದಲ್ಲಿ ಮೂಲವು ಯಾರ ಬಳಿ ಇದೆಯೆಂಬುದು ಮುಖ್ಯವಾಗುತ್ತದೆ. ಆದ್ದರಿಂದ ಸಿದ್ಧ ಪುಟಗಳ ಜೊತೆಗೆ ಮೂಲ ಕಡತಗಳನ್ನೂ ಸಂರಚನಾ ಕಡತವನ್ನೂ ಹಸ್ತಾಂತರಿಸಬೇಕೆಂದು ಕರಾರಿನಲ್ಲಿಯೇ ಬರೆಯಿಸಿಕೊಳ್ಳತಕ್ಕದ್ದು. ತಿದ್ದುಪಡಿಯನ್ನು ಮೂಲದಲ್ಲಿ ಮಾತ್ರ ಮಾಡಬೇಕೆಂಬ ಷರತ್ತೂ ಇರಲಿ. ಸಿದ್ಧ ಕೋಡಿನಲ್ಲಿ ನೇರವಾಗಿ ತಿದ್ದಿದ್ದು ಮುಂದಿನ ಕಂಪೈಲ್‌ನಲ್ಲಿ ಅಳಿಸಿಹೋಗುತ್ತದೆ.