ಗಾಳಿ ತುಂಬಿದರೂ ಆರದ ದೀಪ

ಟೈರಿಗೆ ಗಾಳಿ ಹೊಡೆಸಿದ ಮೇಲೂ ಕಾರಿನ ಹಳದಿ ಎಚ್ಚರಿಕೆ ದೀಪ ಆರುವುದಿಲ್ಲವೆಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ದೀಪವನ್ನು ಬೈಯುವ ಮೊದಲು ಗಾಳಿಯನ್ನು ಅಳೆಯಿಸಿರಿ. ಟೈರು ತಣ್ಣಗಿರುವಾಗಲೇ ಅಳೆಯಬೇಕು; ಓಡಿ ಬಿಸಿಯಾದ ಟೈರು ಹೆಚ್ಚು ಒತ್ತಡ ತೋರಿಸುತ್ತದೆ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿರಿ.

ಈ ಏರ್ಪಾಡಿನಲ್ಲಿ ಎರಡು ಬಗೆ. ಒಂದರಲ್ಲಿ ಒತ್ತಡ ಅಳೆಯುವ ಸಾಧನವೇ ಇಲ್ಲ. ಗಾಳಿ ಇಳಿದ ಚಕ್ರ ಉಳಿದವಕ್ಕಿಂತ ಬೇಗ ಸುತ್ತುವುದನ್ನು ಕಂಡು ದೀಪ ಹಚ್ಚುತ್ತದೆ. ಇದಕ್ಕೆ ಗಾಳಿ ಸರಿಮಾಡಿಸಿದ ಮೇಲೆ ರಿಸೆಟ್ ಗುಂಡಿ ಒತ್ತಿ, ಸ್ವಲ್ಪ ದೂರ ಓಡಿಸಬೇಕು. ಗಾಳಿ ತುಂಬದೆ ಒತ್ತಿದಿರೋ, ಕಡಿಮೆ ಗಾಳಿಯನ್ನೇ ಸರಿಯೆಂದು ಅದು ಕಲಿತುಬಿಡುತ್ತದೆ! ನಾನೇ ಹೀಗೆ ಒತ್ತಿ, ದೀಪ ಆರಿತೆಂದು ಸಂತೆಗೆ ಹೊರಟು, ದಾರಿಯಲ್ಲಿ ಟೈರು ಹಾಳುಮಾಡಿಕೊಂಡವನು.

ಇನ್ನೊಂದರಲ್ಲಿ ಪ್ರತಿ ಚಕ್ರದೊಳಗೂ ಬ್ಯಾಟರಿಯುಳ್ಳ ಸೆನ್ಸರ್ ಇರುತ್ತದೆ. ಗಾಡಿ ಚಾಲೂ ಮಾಡಿದಾಗ ದೀಪ ಸುಮಾರು ಒಂದು ನಿಮಿಷ ಮಿಣುಕಿ, ಬಳಿಕ ಉರಿಯುತ್ತಲೇ ಇದ್ದರೆ ದೋಷ ಹೆಚ್ಚಾಗಿ ಸೆನ್ಸರಿನದು. ಅದರ ಬ್ಯಾಟರಿ 5ರಿಂದ 10 ವರ್ಷ ಬರುತ್ತದೆ. ಮುಗಿದರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಿಸಬೇಕು.

ಗಾಳಿ ತುಂಬಿಸಿ ಎರಡೇ ದಿನಕ್ಕೆ ದೀಪ ಮತ್ತೆ ಬಂದರೆ ಟೈರಿಗೂ ವಾಲ್ವಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿರಿ. ಹೊಲದ ದಾರಿಯ ಜಾಲಿಮುಳ್ಳು ಅಲ್ಲೇ ಸಿಕ್ಕಿಕೊಂಡಿರಬಹುದು.