ಬಿಳಿ ಹೊಗೆಯ ಲಾರಿ: ಎಂಜಿನ್ ಬಿಚ್ಚುವ ಮೊದಲು

ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಏಳುತ್ತದೆ, ಗಾಡಿ ಮಾತ್ರ ಹಿಡಿಯುವುದಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಹಳೆಯ ಲಾರಿ ಇಟ್ಟುಕೊಂಡವರಿಗೆ ಡಿಸೆಂಬರ್, ಜನವರಿಯ ಈ ಬೆಳಗು ಹೊಸದಲ್ಲ. ಸುತ್ತ ನಿಂತವರ ತೀರ್ಪೂ ಹೊಸದಲ್ಲ: "ರಿಂಗ್ ಹೋಗಿದೆ, ಬೋರ್ ಮಾಡಿಸ್ಬೇಕು." ಕೊಯ್ಲಿನ ಹೊತ್ತಿನಲ್ಲಿ ಎಂಜಿನ್ ಇಳಿಸಿದರೆ ಮೂಟೆಗಳು ಕಣದಲ್ಲೇ ಉಳಿಯುತ್ತವೆ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ತಲುಪುವುದಿಲ್ಲ. ಇಂಥ ಲಾರಿಗಳ ನಡುವೆಯೇ ಬೆಳೆದ ನಾನು ಕಂಡಂತೆ ಆ ತೀರ್ಪು ನಿಜವಾದದ್ದು ಅಪರೂಪ.

ಬಿಳಿ ಹೊಗೆ ಎಂದರೆ ಬಹುಪಾಲು ಉರಿಯದೆ ಆವಿಯಾಗಿ ಹೊರಬಂದ ಡೀಸೆಲ್. ಅಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಅದು ಹೊತ್ತಿಕೊಳ್ಳಲು ಬೇಕಾದ ಶಾಖ ಅಲ್ಲಿಲ್ಲ, ಅಥವಾ ಅದು ತಲುಪಬೇಕಾದ ಗಳಿಗೆಯಲ್ಲಿ ತಲುಪುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಸಮಸ್ಯೆ ಬೇರೆ: ಡೀಸೆಲ್ಲೇ ಬರುತ್ತಿಲ್ಲ. ನಮ್ಮ ಕಡೆಯ ಹಿರಿಯ ಮೇಸ್ತ್ರಿಯೊಬ್ಬರಿಗೆ ಕ್ಲೀನರ್ ಹುಡುಗ ಫೋನ್ ಮಾಡಿ "ಅಣ್ಣಾ, ಗಾಡಿ ಎದ್ದೇಳ್ತಿಲ್ಲ" ಎಂದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಹೊಗೆ ಬರ್ತಿದ್ಯಾ? ಯಾವ ಬಣ್ಣ?"

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯೇ ಕಿಡಿ. ಹಳೆಯ ಟಾಟಾ ಲಾರಿಗಳಲ್ಲಿದ್ದ 697 ಎಂಜಿನ್ ಈ ಮಾದರಿಯದು: ಆರು ಸಿಲಿಂಡರ್, 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್. ಟಾಟಾದವರ ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಮಾಡಿಕೊಂಡ ಒಪ್ಪಂದದಿಂದ ಬೆಳೆದ ಸಂತತಿ ಇದು. ನಾಝಲ್ ಡೀಸೆಲನ್ನು ನೇರವಾಗಿ ಪಿಸ್ಟನ್ ತಲೆಯ ಮೇಲೆ ಸಿಂಪಡಿಸುವ ಇಂಥ ಎಂಜಿನ್ನಿಗೆ ಗ್ಲೋ ಪ್ಲಗ್ಗಿನ ಆಸರೆ ಇಲ್ಲ. ಸೆಲ್ಫ್ ಚುರುಕಾಗಿ ತಿರುಗಿಸಿದರೆ ಮಾತ್ರ ಬಿಸಿ ಹುಟ್ಟುತ್ತದೆ. ನಿಧಾನವಾಗಿ ತಿರುಗಿದರೆ ಆ ಬಿಸಿ ತಣ್ಣಗಿನ ಲೈನರಿಗೆ ಹೋಗುತ್ತದೆ, ಗಾಳಿಯೂ ರಿಂಗುಗಳ ಸಂದಿನಿಂದ ಜಾರುತ್ತದೆ.

ಹಾಗಾಗಿ ಮೇಸ್ತ್ರಿ ಮೊದಲು ಕೈಗೆತ್ತಿಕೊಳ್ಳುತ್ತಿದ್ದುದು ಪಾನಾ ಅಲ್ಲ, ಮೀಟರು. 24 ವೋಲ್ಟಿನ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ಬ್ಯಾಟರಿ 18 ವೋಲ್ಟಿಗಿಂತ ಕೆಳಗಿಳಿದರೆ ಅನುಮಾನ ಬ್ಯಾಟರಿಯ ಮೇಲೆ. ಬ್ಯಾಟರಿ ಸರಿಯಿದ್ದೂ ಸೆಲ್ಫಿಗೆ ಅಷ್ಟು ವೋಲ್ಟೇಜ್ ತಲುಪದಿದ್ದರೆ ಅನುಮಾನ ಕೇಬಲ್ಲಿನ ಮೇಲೆ. ಒಂದು ತೋಟದ ಲಾರಿಯಲ್ಲಿ ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತ್ ಪಟ್ಟಿ ಕಿಲುಬು ಹಿಡಿದು ಹಸಿರಾಗಿತ್ತು. ಅದನ್ನು ಉಜ್ಜಿ ಬಿಗಿ ಮಾಡಿದ ಮೇಲೆ ಸೆಲ್ಫಿನ ಸದ್ದೇ ಬದಲಾಯಿತು.

ಆದರೂ ಗಾಡಿ ಪೂರ್ತಿ ಸರಿಹೋಗಲಿಲ್ಲ. ರಾತ್ರಿ ನಿಂತರೆ ಬೆಳಗ್ಗೆ ಕಷ್ಟ, ಹಗಲಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ತೊಂದರೆ ಇಲ್ಲ. ಇದು ಏರ್ ಹಿಡಿದ ಗಾಡಿಯ ಲಕ್ಷಣ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಎಳೆತದಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಒತ್ತಡದಲ್ಲಿ ಹೋಗುತ್ತದೆ. ಒತ್ತಡದ ಕಡೆ ಸೋರಿದರೆ ಡೀಸೆಲ್ ತೊಟ್ಟಿಕ್ಕಿ ಕಣ್ಣಿಗೆ ಬೀಳುತ್ತದೆ. ಎಳೆತದ ಕಡೆ ಸೀಳು ಬಿದ್ದರೆ ಒಂದು ಹನಿಯೂ ಹೊರಗೆ ಬಾರದೆ ಇರಬಹುದು. ಗಾಳಿ ಒಳಗೆ ಹೋಗಿ, ಪೈಪಿನಲ್ಲಿದ್ದ ಡೀಸೆಲ್ ರಾತ್ರಿಯೆಲ್ಲ ಟ್ಯಾಂಕಿಗೆ ಹಿಂದೆ ಜಾರುತ್ತದೆ. "ಎಲ್ಲೂ ಲೀಕ್ ಇಲ್ಲ" ಎಂದು ಚಾಲಕ ಹೇಳುವುದು ಸುಳ್ಳಲ್ಲ. ಕಾಣುವ ಲೀಕ್ ಇಲ್ಲ, ಅಷ್ಟೇ.

ಇದನ್ನು ಪರೀಕ್ಷಿಸುವುದು ಸುಲಭ. ಬೆಳಗ್ಗೆ ಸೆಲ್ಫ್ ಹೊಡೆಯುವ ಮೊದಲು ಫೀಡ್ ಪಂಪಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಫಿಲ್ಟರಿನ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ ಗುಳ್ಳೆ ಹೋಗಲು ಬಿಡಬೇಕು. ಆಮೇಲೆ ಗಾಡಿ ಒಂದೇ ಹೊಡೆತಕ್ಕೆ ಎದ್ದರೆ ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ. ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಕಟ್ಟಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಆ ತೋಟದ ಲಾರಿಯಲ್ಲಿ ಸೀಳಿದ್ದು ಕ್ಲಿಪ್ಪಿನ ಅಡಿಯಲ್ಲಿ ಅವಿತಿದ್ದ ರಬ್ಬರ್ ಪೈಪು. ಹೊಸ ಪೈಪು, ಹೊಸ ತಾಮ್ರದ ವಾಷರ್‌ಗಳು. ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು.

ಇನ್ನೊಂದು ಲಾರಿಯ ಕಥೆ ಬೇರೆ. ಅದು ಹಿಡಿಯುತ್ತಿತ್ತು, ಆದರೆ ಕುಂಟುತ್ತ, ಕಣ್ಣು ಉರಿಸುವ ಹೊಗೆ ಬಿಡುತ್ತಿತ್ತು. ಬಿಸಿಯಾದ ಮೇಲೆ ಹೊಗೆ ತಗ್ಗುತ್ತಿತ್ತು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಮೇಸ್ತ್ರಿ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದರು. ಕೆಲಸ ಮಾಡುತ್ತಿರುವ ಸಿಲಿಂಡರಿನದಾದರೆ ಎಂಜಿನ್ ತಡವರಿಸುತ್ತದೆ. ನಾಲ್ಕನೆಯದನ್ನು ಸಡಿಲಿಸಿದಾಗ ಸದ್ದು ಬದಲಾಗಲೇ ಇಲ್ಲ. ಆ ನಾಝಲನ್ನು ಟೆಸ್ಟರಿಗೆ ಹಾಕಿದರೆ ಮಂಜಿನಂತೆ ಸಿಂಪಡಿಸುವ ಬದಲು ತುದಿಯಲ್ಲಿ ಹನಿ ಕಟ್ಟುತ್ತಿತ್ತು. ಹನಿಯಾಗಿ ಬಿದ್ದ ಡೀಸೆಲ್ ತಣ್ಣಗಿನ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವುದಿಲ್ಲ. ಈ ಪರೀಕ್ಷೆ ಮಾಡುವವರು ಕೈಯನ್ನು ದೂರ ಇಡಲೇಬೇಕು. ನಾಝಲ್ ತೆರೆಯುವುದೇ ಸುಮಾರು 200 ಬಾರ್ ಒತ್ತಡದಲ್ಲಿ. ಆ ಸಿಂಪಡಿಕೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ, ಅದರಲ್ಲೂ ಇಂಜೆಕ್ಷನ್ ಪಂಪು ರಿಪೇರಿಯಾಗಿ ಬಂದ ಮೇಲೆ ಶುರುವಾಗಿದ್ದರೆ, ಟೈಮಿಂಗ್ ನೋಡಬೇಕು. ಕಪ್ಲಿಂಗಿನ ಗುರುತು ಸ್ವಲ್ಪ ಹಿಂದೆ ಕೂತರೂ ಡೀಸೆಲ್ ತಡವಾಗಿ ಬೀಳುತ್ತದೆ. ಪಿಸ್ಟನ್ ಕೆಳಗಿಳಿಯತೊಡಗಿ ಗಾಳಿ ತಣಿಯುವ ಹೊತ್ತಿಗೆ ಅದು ಒಳಗೆ ಬಂದಿರುತ್ತದೆ. ಬೆಂಗಳೂರಿನ ಮೈಕೋ ಕಾರ್ಖಾನೆಯ ಇನ್‌ಲೈನ್ ಪಂಪುಗಳ ಮೇಲೆ ಕೈ ಪಳಗಿಸಿಕೊಂಡ ಪಂಪ್ ಮೇಸ್ತ್ರಿಗಳು ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಈಗಲೂ ಇದ್ದಾರೆ. ಮೊದಲನೇ ಡೆಲಿವರಿ ವಾಲ್ವ್ ತೆಗೆದು, ಫ್ಲೈವೀಲ್ ನಿಧಾನವಾಗಿ ತಿರುಗಿಸಿ, ಡೀಸೆಲ್ ಹರಿವು ನಿಲ್ಲುವ ಬಿಂದುವನ್ನು ಗುರುತಿಗೆ ಹೊಂದಿಸುವ ಅವರ ಕೆಲಸವನ್ನು ಅಂದಾಜಿನ ಮೇಲೆ ಯಾರೂ ಮಾಡಬಾರದು.

ಎಲ್ಲ ಬಿಳುಪೂ ಡೀಸೆಲ್ ಅಲ್ಲ. ಸೈಲೆನ್ಸರಿನ ಬಾಯಿಗೆ ಒಂದು ಕಾಗದ ಹಿಡಿದು ನೋಡಬೇಕು: ಡೀಸೆಲ್ಲಾದರೆ ಎಣ್ಣೆಯ ಕಲೆ ಉಳಿಯುತ್ತದೆ, ನೀರಾದರೆ ಒಣಗಿ ಹೋಗುತ್ತದೆ. ಚಳಿಯಲ್ಲಿ ಮೊದಲ ಕೆಲವು ನಿಮಿಷ ತುಸು ಹಬೆ ಸಹಜ. ಅದು ನಿಲ್ಲದೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದಂತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನೋ ಹೆಡ್ಡಿನ ಬಿರುಕನ್ನೋ ಹುಡುಕಬೇಕು. ಇಂಥ ಗಾಡಿಯಲ್ಲಿ ಸೆಲ್ಫ್ ತಟ್ಟನೆ ಸಿಕ್ಕಿಕೊಂಡರೆ ಮತ್ತೆ ಹೊಡೆಯಲೇಬಾರದು. ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಏರ್ ಕ್ಲೀನರ್ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು ಇವೆರಡನ್ನೂ ದಯವಿಟ್ಟು ಬಿಡಿ. ಮೊದಲನೆಯದು ಕ್ಯಾಬಿನ್ನಿಗೇ ಬೆಂಕಿ ತಾಗಿಸಬಹುದು. ಎರಡನೆಯದು ಹೊತ್ತಿಗೆ ಮುಂಚೆ ಸಿಡಿದು ರಿಂಗು, ಪಿಸ್ಟನ್ನುಗಳನ್ನು ಮುರಿಯಬಹುದು.

ಕಂಪ್ರೆಶನ್ ಪರೀಕ್ಷೆ ಇಷ್ಟೆಲ್ಲ ಆದ ಮೇಲೆ. ಒಂದು ಲಾರಿಯಲ್ಲಿ ಸುತ್ತಲಿನವರ ತೀರ್ಪು ನಿಜವೇ ಆಗಿತ್ತು. ಬ್ರೀದರ್ ಪೈಪಿನಿಂದ ಹೊಗೆ ಒತ್ತಿ ಬರುತ್ತಿತ್ತು, ಆಯಿಲ್ ಇಳಿಯುತ್ತಿತ್ತು. ಟ್ಯಾಪೆಟ್ ಸರಿಮಾಡಿದ ಮೇಲೂ ಎರಡು ಸಿಲಿಂಡರುಗಳ ಒತ್ತಡ ಉಳಿದವಕ್ಕಿಂತ ಬಹಳ ಕಡಿಮೆ ಇತ್ತು. ಕಾರಣ ಖಚಿತವಾಗಿದ್ದರಿಂದ ಮಾಲೀಕರು ಗಾಬರಿಯಾಗಲಿಲ್ಲ. ಒಳ್ಳೆಯ ಬ್ಯಾಟರಿ ಹಾಕಿ, ಬೆಳಗ್ಗೆ ರೇಡಿಯೇಟರಿಗೆ ಬೆಚ್ಚಗಿನ ನೀರು ತುಂಬಿಸಿ ಕೊಯ್ಲು ಮುಗಿಯುವವರೆಗೆ ಗಾಡಿ ಓಡಿಸಿದರು. ಎಂಜಿನ್ ಇಳಿದದ್ದು ಬೇಸಿಗೆಯಲ್ಲಿ. ಲೈನರ್, ಪಿಸ್ಟನ್, ರಿಂಗು ಹೊಸದಾದವು. ಪಂಪೂ ನಾಝಲ್‌ಗಳೂ ಮೊದಲೇ ಪರೀಕ್ಷೆಯಲ್ಲಿ ಗೆದ್ದಿದ್ದರಿಂದ ಬಿಲ್ಲಿನಲ್ಲಿ ಅವುಗಳ ಹೆಸರಿರಲಿಲ್ಲ.