ಒಡವೆಯ ಝಕಾತ್: ಹೊಣೆ ಯಾರದು?

ರಮಝಾನ್ ಬಂತೆಂದರೆ ನಮ್ಮ ಮನೆಗಳಲ್ಲಿ ಝಕಾತ್‌ನ ಲೆಕ್ಕಾಚಾರ ಆರಂಭವಾಗುತ್ತದೆ. ಅಂಗಡಿಯ ಸರಕು, ಬ್ಯಾಂಕಿನ ಹಣ ಎಲ್ಲವೂ ಎಣಿಕೆಗೆ ಬರುತ್ತವೆ. ಕಪಾಟಿನೊಳಗಿನ ಚಿನ್ನದ ವಿಷಯ ಬಂದಾಗ ಮಾತ್ರ ಎಲ್ಲರೂ ಮೌನ!

ಝಕಾತ್ ಇಸ್ಲಾಮಿನ ಐದು ಸ್ತಂಭಗಳಲ್ಲಿ ಒಂದು. ಪವಿತ್ರ ಕುರ್‌ಆನ್ ಅನೇಕ ಕಡೆ ನಮಾಝ್‌ನ ಜೊತೆಯಲ್ಲೇ ಅದನ್ನು ಆದೇಶಿಸಿದೆ. ಅದಕ್ಕೆ ಅರ್ಹರಾದ ಎಂಟು ವರ್ಗಗಳನ್ನು ಅತ್ತೌಬಾ ಅಧ್ಯಾಯದ 60ನೇ ಸೂಕ್ತ ಹೆಸರಿಸಿದೆ.

ಆಭರಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹನಫಿ ಮದ್‌ಹಬ್ ಪ್ರಕಾರ ಧರಿಸುವ ಚಿನ್ನಕ್ಕೂ ಝಕಾತ್ ಇದೆ. ಮಗಳ ಕೈಗೆ ದಪ್ಪ ಬಳೆ ತೊಡಿಸಿದ್ದ ಮಹಿಳೆಯೊಡನೆ, ಅದರ ಝಕಾತ್ ಕೊಟ್ಟಿರುವೆಯಾ ಎಂದು ಪ್ರವಾದಿ(ಸ) ವಿಚಾರಿಸಿದ ಹದೀಸ್ ಅವರ ಆಧಾರಗಳಲ್ಲೊಂದು. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈಗಳಲ್ಲಿ, ವಾಡಿಕೆಯ ಮಿತಿಯೊಳಗೆ ಧರಿಸುವ ಆಭರಣಕ್ಕೆ ವಿನಾಯಿತಿ ಇದೆ. ಆದರೆ ಉಳಿತಾಯಕ್ಕೆಂದು ಕೂಡಿಟ್ಟ ನಾಣ್ಯ, ಗಟ್ಟಿಗಳಿಗೆ ಆ ವಿನಾಯಿತಿ ಅನ್ವಯಿಸದು.

ಹನಫಿ ಲೆಕ್ಕದಲ್ಲಿ ಚಿನ್ನದ ನಿಸಾಬ್ ಏಳೂವರೆ ತೊಲ, ಅಂದರೆ ಸುಮಾರು 87.5 ಗ್ರಾಂ. ಒಂದು ಚಾಂದ್ರಮಾನ ವರ್ಷ ಕಳೆದಾಗ ಶೇಕಡಾ 2.5 ಕೊಡಬೇಕು. 100 ಗ್ರಾಂ ಇದ್ದರೆ 2.5 ಗ್ರಾಂ, ಇಲ್ಲವೇ ಅದರ ಅಂದಿನ ಬೆಲೆ.

ಹೊಣೆ ಯಾರದು? ಚಿನ್ನ ಯಾರದೋ ಅವರದು. ಪತ್ನಿಯ ಒಡವೆಯ ಝಕಾತ್ ಪತ್ನಿಯ ಮೇಲೆಯೇ ಕಡ್ಡಾಯ. ಆಕೆಯ ಒಪ್ಪಿಗೆಯಿದ್ದರೆ ಪತಿ ಕೊಡಬಹುದು. ಮದುವೆಯಲ್ಲಿ ಬಂದ ಚಿನ್ನ ಸೊಸೆಯದೋ ಅತ್ತೆಯದೋ ಎಂಬುದೇ ಇತ್ಯರ್ಥವಾಗದ ಮನೆಗಳಿವೆ. ಅಲ್ಲಿ ಝಕಾತ್‌ಗಿಂತ ಮೊದಲು ಒಡೆತನ ಇತ್ಯರ್ಥವಾಗಬೇಕು. ಕೈಯಲ್ಲಿ ಹಣವಿಲ್ಲ ಎನ್ನುವ ಸಹೋದರಿಯರು, ವರ್ಷ ತುಂಬುವ ಮುಂಚೆಯೇ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಝಕಾತ್‌ನ ಸಂಕಲ್ಪದಿಂದ ಕೊಡುತ್ತಾ ಬರಬಹುದು.